ಆಲ್ಬಂ ಮಾರಿ ಸಾಲ ತೀರಿಸಲೇ?

ಪ್ರಶ್ನೆ: ನನಗೀಗ 46. ಹೈಸ್ಕೂಲಿನಿಂದಲೂ ಅಂಚೆಚೀಟಿಯ ಹುಚ್ಚು. ಅಪ್ಪ ಶುರುಮಾಡಿಕೊಟ್ಟ ಎರಡು ಆಲ್ಬಂ ಈಗ ಹದಿನಾಲ್ಕಾಗಿವೆ. ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟಿಷ್ ಚೀಟಿಗಳೆಂದರೆ ಪ್ರಾಣ. ನಾಲ್ಕೂ ಕಡೆ ಅಂಚು ಉಳಿದಿರುವ ಪೆನ್ನಿ ಬ್ಲ್ಯಾಕ್, ಅಂದರೆ ಜಗತ್ತಿನ ಮೊದಲ ಅಂಚೆಚೀಟಿ, ಒಂದಿದೆ. ಮೂರು ವರ್ಷದ ಹಿಂದೆ ಮಗನಿಗೆ ಆಪರೇಷನ್ ಆಯಿತು. ಆಗ ಪರ್ಸನಲ್ ಲೋನ್ ತೆಗೆದೆ, ಸಾಲದೆ ಬಂದದ್ದಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜಿದೆ. ಮಗ ಈಗ ಚೆನ್ನಾಗಿದ್ದಾನೆ. ಲೋನಿಗೆ ವರ್ಷಕ್ಕೆ ನೂರಕ್ಕೆ 13ರ ಬಡ್ಡಿ, ಕಂತು ಒಂದೂ ತಪ್ಪಿಲ್ಲ, ಇನ್ನೆರಡು ವರ್ಷದಲ್ಲಿ ಮುಗಿಯುತ್ತದೆ. ಕಾರ್ಡಿಗೆ ಮಾತ್ರ ಮಿನಿಮಮ್ ಡ್ಯೂ ಕಟ್ಟುತ್ತಾ ಬಂದಿದ್ದೇನೆ. ಅದರ ಬಡ್ಡಿ ತಿಂಗಳಿಗೆ ನೂರಕ್ಕೆ 3. ಒಟ್ಟು ಸಾಲದಲ್ಲಿ ಕಾರ್ಡಿನದು ಐದರಲ್ಲಿ ಎರಡು ಪಾಲು. ಕಳೆದ ವರ್ಷ ಒಂದು ಹರಾಜಿನಲ್ಲಿ 1840ರ ಟೂ ಪೆನ್ನಿ ಬ್ಲೂ ಜೋಡಿ ಬಂದಿತ್ತು. ಅಂಥ ಅವಕಾಶ ಮತ್ತೆ ಸಿಗುವುದಿಲ್ಲವೆಂದು ಅದನ್ನೂ ಕಾರ್ಡಿನಲ್ಲೇ ಕೊಂಡೆ. ಹೆಂಡತಿಗೆ ಲೋನಿನ ವಿಷಯ ಗೊತ್ತು, ಕಾರ್ಡಿನದು ಗೊತ್ತಿಲ್ಲ. ಕ್ಯಾಟಲಾಗ್ ಎದುರಿಗಿಟ್ಟುಕೊಂಡು ಕೂಡಿದರೆ ನನ್ನ ಸಂಗ್ರಹದ ಬೆಲೆ ಒಟ್ಟು ಸಾಲದ ಮೂರುಪಟ್ಟು ಆಗುತ್ತದೆ. ಮೂರರಲ್ಲಿ ಒಂದು ಪಾಲು ಮಾರಿದರೆ ಸಾಲವೆಲ್ಲ ತೀರುತ್ತದೆ. ಆದರೆ ಆಲ್ಬಂ ತೆರೆದರೆ ಕೊಡಲು ಮನಸ್ಸೇ ಬರುವುದಿಲ್ಲ. ಬೆಲೆ ಹೇಗೂ ಏರುತ್ತಲೇ ಇರುತ್ತದಲ್ಲ, ಕಾಯುವುದೇ ಒಳ್ಳೆಯದೇನೋ ಅನ್ನಿಸುತ್ತದೆ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ಕೂತೇ ನನ್ನ ತಲೆ ನೆರೆತದ್ದು. ಮನೆಯಲ್ಲಿ ನಾಣ್ಯದ ಪೆಟ್ಟಿಗೆಯೂ ಇದೆ. ಹಾಗಾಗಿ ನಿಮ್ಮ ಪತ್ರ ಓದುವಾಗ ನನ್ನೊಳಗೆ ಇಬ್ಬರು ಜಗಳಕ್ಕೆ ಬಿದ್ದರು. ಕೊನೆಗೆ ಇಬ್ಬರೂ ಒಪ್ಪಿದ್ದನ್ನಷ್ಟೇ ಬರೆಯುತ್ತಿದ್ದೇನೆ.

ಮೊದಲು ಆ ‘ಮೂರುಪಟ್ಟು’ ಲೆಕ್ಕ. ನಿಮ್ಮ ಧೈರ್ಯವೆಲ್ಲ ನಿಂತಿರುವುದು ಅದರ ಮೇಲೆ, ಅದೇ ಸಡಿಲ. ಕ್ಯಾಟಲಾಗಿನಲ್ಲಿ ಅಚ್ಚಾಗಿರುವುದು ವ್ಯಾಪಾರಿ ನಿಮಗೆ ಮಾರುವ ದರ, ನಿಮ್ಮಿಂದ ಕೊಳ್ಳುವ ದರವಲ್ಲ. ಇಂಗ್ಲೆಂಡಿನ ಚೀಟಿ ವ್ಯಾಪಾರಿ ಸ್ಟ್ಯಾನ್ಲಿ ಗಿಬ್ಬನ್ಸ್ 1865ರಲ್ಲಿ ಮೊದಲ ಬೆಲೆಪಟ್ಟಿ ಹೊರಡಿಸಿದ್ದೂ ತನ್ನ ಸರಕು ಮಾರುವುದಕ್ಕೇ. ಅದೂ ಕುಂದಿಲ್ಲದ ಚೀಟಿಗೆ ಹೇಳುವ ದರ. ನಿಮ್ಮ ಚೀಟಿಗಳನ್ನು ಒಂದೊಂದಾಗಿ ಚಿಮಟದಲ್ಲಿ ಎತ್ತಿ, ಬೆನ್ನು ಮೇಲೆ ಮಾಡಿ, ದೀಪಕ್ಕೆ ಹಿಡಿದು ನೋಡಿ. ಹಳೆಯ ಹಿಂಜ್ (ಆಲ್ಬಮ್ಮಿಗೆ ಚೀಟಿ ಅಂಟಿಸುವ ಪುಟ್ಟ ಕಾಗದದ ಪಟ್ಟಿ) ಕಿತ್ತ ಜಾಗದಲ್ಲಿ ಕಾಗದದ ಪದರ ಎದ್ದುಹೋಗಿ ಬೆಳಕು ಸ್ವಲ್ಪ ಹೆಚ್ಚಾಗಿ ಹಾಯುತ್ತಿದ್ದರೆ, ಮುಂಬದಿ ಎಷ್ಟೇ ಲಕ್ಷಣವಾಗಿರಲಿ, ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಚೀಟಿಯ ಅಂಚಿನ ಒಂದು ಹಲ್ಲು ಮೋಟಾಗಿದ್ದರೂ, ಠಸ್ಸೆ ರಾಣಿಯ ಮುಖದ ಮೇಲೇ ದಪ್ಪಗೆ ಕೂತಿದ್ದರೂ ಇದೇ ಕಥೆ. ನಾನು ಕಂಡ ಮಟ್ಟಿಗೆ, ಒಳ್ಳೆಯ ಚೀಟಿಗೆ ಕ್ಯಾಟಲಾಗಿನ ಮೂರನೇ ಒಂದು ಭಾಗ ಕೈಗೆ ಬಂದರೆ ಸಂತೋಷಪಡಬೇಕು. ಸಾಧಾರಣ ಚೀಟಿಗಳಿಗೆ ಹತ್ತರಲ್ಲೊಂದು ಭಾಗವೂ ಹುಟ್ಟುವುದಿಲ್ಲ. ಅವುಗಳ ಎದುರು ಅಚ್ಚಾಗಿರುವ ಕನಿಷ್ಠ ದರ ಬಹುಪಾಲು ವ್ಯಾಪಾರಿ ಅದನ್ನು ಹುಡುಕಿ, ಲಕೋಟೆಗೆ ಹಾಕಿ ಕೊಡುವ ಕೂಲಿ.

ಅಂದರೆ ಮೂರರಲ್ಲಿ ಒಂದು ಪಾಲು ಮಾರಿ ಸಾಲ ಪೂರ್ತಿ ತೀರಿಸುವ ಮಾತು ಬಿಡಿ, ಹದಿನಾಲ್ಕೂ ಆಲ್ಬಂ ಕೊಟ್ಟರೂ ತೀರುವುದು ಅನುಮಾನ. ಹೆದರಬೇಡಿ. ನೀವು ಸಾಲ ಪೂರ್ತಿ ತೀರಿಸಬೇಕಾಗಿಯೇ ಇಲ್ಲ.

ನಿಮ್ಮದು ಎರಡು ಸಾಲ, ಎರಡರ ಗುಣವೂ ಬೇರೆ. ನೂರಕ್ಕೆ 13ರ ಲೋನು ಸಂಬಳದಲ್ಲಿ ಕರಗುತ್ತಿದೆ, ಅದು ತನ್ನ ಪಾಡಿಗೆ ಮುಗಿಯಲಿ. ಕಾಡುತ್ತಿರುವುದು ಕಾರ್ಡು. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗುವ ಕಾಲ ಸಿಗುತ್ತದೆ ಎಂಬ ಬಾಯಿಲೆಕ್ಕವನ್ನು ಇಟಲಿಯ ಲೂಕಾ ಪಾಚಿಯೋಲಿ 1494ರಷ್ಟು ಹಿಂದೆಯೇ ಬರೆದಿಟ್ಟಿದ್ದ. ತಿಂಗಳಿಗೆ 3 ಎಂದರೆ ವರ್ಷಕ್ಕೆ 36. ಕಟ್ಟದೆ ಬಿಟ್ಟರೆ ಎರಡೇ ವರ್ಷಕ್ಕೆ ಇಮ್ಮಡಿ. ನೀವು ಮಿನಿಮಮ್ ಡ್ಯೂ ಕಟ್ಟುತ್ತಿದ್ದೀರಿ, ನಿಜ. ಅದರಲ್ಲಿ ಹೆಚ್ಚಿನದು ಬಡ್ಡಿಗೇ ಹೋಗುತ್ತದೆ, ಅಸಲು ಕೂತಲ್ಲೇ ಕೂತಿರುತ್ತದೆ.

ಲೆಕ್ಕ ಹೀಗಿದೆ. ಒಟ್ಟು ಸಾಲ 100 ಅನ್ನಿ. ಕಾರ್ಡಿನದು 40. ಸಂಗ್ರಹದ ಕ್ಯಾಟಲಾಗ್ ಬೆಲೆ 300. ನಾನು ನೋಡಿದ ಎಲ್ಲ ಸಂಗ್ರಹಗಳಲ್ಲೂ ಬೆಲೆಯ ಅರ್ಧದಷ್ಟು ಹತ್ತು ಹದಿನೈದು ಚೀಟಿಗಳಲ್ಲೇ ಇರುತ್ತದೆ. ನಿಮ್ಮದರಲ್ಲೂ ಹಾಗೇ ಇದ್ದರೆ ಆ ಹತ್ತು ಹದಿನೈದರ ಕ್ಯಾಟಲಾಗ್ ಬೆಲೆ 150. ಮೂರನೇ ಒಂದು ಭಾಗ ಬಂದರೆ 50. ಹರಾಜಿನವರ ಕಮಿಷನ್ ನೂರಕ್ಕೆ 15 ಹಿಡಿದರೆ ಉಳಿಯುವುದು 42. ಕಾರ್ಡು ತೀರಿತು. ಹದಿನಾಲ್ಕು ಆಲ್ಬಮ್ಮಿನಲ್ಲಿ ಹದಿಮೂರೂವರೆ ಮನೆಯಲ್ಲೇ ಉಳಿದವು.

ಆ ಹತ್ತು ಹದಿನೈದು ಯಾವುವು ಅನ್ನುವಲ್ಲಿ ಕಷ್ಟ ಶುರುವಾಗುತ್ತದೆ. ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಟ್ಶ್, ರಿಚರ್ಡ್ ಥೇಲರ್ ಎಂಬ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಅರ್ಧ ವಿದ್ಯಾರ್ಥಿಗಳ ಕೈಗೆ ಸಾಧಾರಣ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಉಳಿದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಮಗ್ ಕೈಗೆ ಬಂದು ಸ್ವಲ್ಪ ಹೊತ್ತೂ ಆಗಿರದವರು, ಕೊಳ್ಳುವವರು ಹೇಳಿದ್ದಕ್ಕಿಂತ ಸುಮಾರು ಎರಡುಪಟ್ಟು ಬೆಲೆ ಹೇಳಿದರು. ಮಗ್ಗಿಗೇ ಇಷ್ಟಾದರೆ ಅಪ್ಪನ ಕೈಯಿಂದ ಬಂದ ಚೀಟಿಗೆ ಎಷ್ಟಿರಬೇಡ! ಅದಕ್ಕೇ ಒಂದು ಕೆಲಸ ಮಾಡಿ. ಎರಡು ಹಾಳೆ ತೆಗೆದುಕೊಳ್ಳಿ. ಒಂದರಲ್ಲಿ, ಯಾವ ಚೀಟಿ ಹೋದರೆ ನಿದ್ದೆ ಬರುವುದಿಲ್ಲವೋ ಅವನ್ನು ಕ್ರಮವಾಗಿ ಬರೆಯಿರಿ. ಇನ್ನೊಂದರಲ್ಲಿ ಮಾರುಕಟ್ಟೆಯ ಬೆಲೆಯ ಕ್ರಮದಲ್ಲಿ ಬರೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಆಶ್ಚರ್ಯವಾಗುತ್ತದೆ. ಅಪ್ಪ ತನ್ನ ಕೈಬರಹದಲ್ಲಿ ದೇಶದ ಹೆಸರು ಬರೆದ ಮೊದಲ ಆಲ್ಬಮ್ಮಿನ ಚೀಟಿಗಳಿಗೆ ಮಾರುಕಟ್ಟೆಯಲ್ಲಿ ಬಹುಶಃ ಕವಡೆ ಕಾಸೂ ಇಲ್ಲ. ಅವನ್ನು ಇಟ್ಟುಕೊಂಡರೆ ನಿಮಗೆ ನಷ್ಟವೂ ಇಲ್ಲ. ಬೆಲೆಯ ಹಾಳೆಯಲ್ಲಿ ಮೇಲಿದ್ದು ಮನಸ್ಸಿನ ಹಾಳೆಯಲ್ಲಿ ಕೆಳಗಿರುವುದು ಯಾವುದೋ ಅದು ಮೊದಲು ಹೊರಡಲಿ.

ನಿಮ್ಮ ಟೂ ಪೆನ್ನಿ ಬ್ಲೂ ಜೋಡಿ ಆ ಪಟ್ಟಿಯ ತಲೆಯಲ್ಲಿ ಇರಬೇಕೆಂದು ನನ್ನ ಅಭಿಪ್ರಾಯ. ಬಾಕಿ ಉಳಿಸಿಕೊಂಡ ಕಾರ್ಡಿನಲ್ಲಿ ಹೊಸದಾಗಿ ಏನು ಕೊಂಡರೂ ಸಾಮಾನ್ಯವಾಗಿ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ತಿಂಗಳಿಗೆ 3ರಂತೆ ಚಕ್ರಬಡ್ಡಿ ಸೇರಿ ವರ್ಷಕ್ಕೆ ನೂರು 142 ದಾಟುತ್ತದೆ. ಆ ಜೋಡಿ ಒಂದೇ ವರ್ಷದಲ್ಲಿ ನೂರಕ್ಕೆ 42ರಷ್ಟು ಏರಿದ್ದರೆ ನಿಮಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಏರಿರುತ್ತದೆಯೇ? ನಿಮಗೇ ಗೊತ್ತು.

ಬೆಲೆ ಏರುತ್ತಲೇ ಇರುತ್ತದೆ ಎಂದಿರಿ. ಜಗತ್ತಿನ ಅತಿ ಪ್ರಸಿದ್ಧ ಚೀಟಿಯನ್ನೇ ನೋಡೋಣ. 1856ರ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಮಜೆಂಟಾ, ಉಳಿದಿರುವುದು ಒಂದೇ ಎಂದು ಹೆಸರಾದದ್ದು. 2014ರಲ್ಲಿ ಅದು ಸುಮಾರು 95 ಲಕ್ಷ ಡಾಲರಿಗೆ ಹರಾಜಾಯಿತು. 2021ರಲ್ಲಿ ಮತ್ತೆ ಬಂದಾಗ ಸುಮಾರು 83 ಲಕ್ಷ. ಅದರ ಗತಿಯೇ ಹೀಗಾಗಿರುವಾಗ, ವರ್ಷಕ್ಕೆ 36ರ ಬಡ್ಡಿಯನ್ನು ಓಡಿ ಹಿಡಿಯುವ ಚೀಟಿ ನಿಮ್ಮ ಆಲ್ಬಮ್ಮಿನಲ್ಲಿದೆ ಎಂದು ನಂಬಿ ಕೂರಬೇಡಿ. ಸಾಲವಿಲ್ಲದವರಿಗೆ ಕಾಯುವುದು ಸರಿ. ನಿಮಗೆ ಕಾಯುವುದಕ್ಕೂ ಬಾಡಿಗೆ ಇದೆ.

ಪೆನ್ನಿ ಬ್ಲ್ಯಾಕ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದು ಅಪರೂಪದ ಚೀಟಿಯಲ್ಲ, 1840ರಿಂದ 41ರವರೆಗೆ 6 ಕೋಟಿ 80 ಲಕ್ಷಕ್ಕೂ ಹೆಚ್ಚು ಅಚ್ಚಾಯಿತು. ಆಗ ಚೀಟಿಗೆ ಹಲ್ಲುಗಳಿರಲಿಲ್ಲ, ಕತ್ತರಿಯಲ್ಲಿ ಕತ್ತರಿಸಬೇಕಿತ್ತು. ಅವಸರದಲ್ಲಿ ಕತ್ತರಿ ಚಿತ್ರದೊಳಕ್ಕೇ ಹೋಗುತ್ತಿತ್ತು. ಅದಕ್ಕೇ ನಾಲ್ಕೂ ಅಂಚು ಉಳಿದದ್ದಕ್ಕೆ ಮರ್ಯಾದೆ. ಆದರೆ ಬೆಲೆ ನಿರ್ಧರಿಸುವ ಇನ್ನೊಂದು ಸಂಗತಿಯನ್ನು ನೀವು ಬರೆದಿಲ್ಲ: ಅದು ಯಾವ ಪ್ಲೇಟಿನದು, ಅಂದರೆ ಯಾವ ಅಚ್ಚಿನ ಫಲಕದಿಂದ ಮುದ್ರಿಸಿದ್ದು? ಕೆಳಗಿನ ಎರಡು ಮೂಲೆಯ ಅಕ್ಷರಗಳನ್ನೂ ಅವು ಕೂತಿರುವ ರೀತಿಯನ್ನೂ ಹೋಲಿಸಿ ಬಲ್ಲವರು ಪ್ಲೇಟು ಹೇಳುತ್ತಾರೆ. ಸಾಧಾರಣ ಪ್ಲೇಟಿನದಾದರೆ ಧಾರಾಳವಾಗಿ ಇಟ್ಟುಕೊಳ್ಳಿ, ಬೇಕಾದರೆ ಮುಂದೆ ಇನ್ನೊಂದು ಸಿಗುತ್ತದೆ. 11ನೇ ಪ್ಲೇಟಿನದಾದರೆ ಅದರ ಬೆಲೆಯೇ ಬೇರೆ, ಆಗ ಈ ಇಡೀ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥ ಕಡೆ ಪರಿಣತರ ಪ್ರಮಾಣಪತ್ರ ಮಾಡಿಸಬಹುದು. ದುಬಾರಿ ಚೀಟಿಗೆ ಅದು ಖರ್ಚಲ್ಲ, ಅಗ್ಗದ್ದಕ್ಕೆ ದಂಡ.

ಮಾರುವ ಬಗೆ. ಡೀಲರಿಗೆ ಕೊಟ್ಟರೆ ದುಡ್ಡು ಅವತ್ತೇ, ಆದರೆ ಕಡಿಮೆ. ಅವರದೂ ತಪ್ಪಲ್ಲ, ಅದನ್ನು ವರ್ಷಗಟ್ಟಲೆ ಇಟ್ಟುಕೊಂಡು ಕೂರಬೇಕಾಗಬಹುದು. ಹರಾಜಿಗೆ ಹಾಕಿದರೆ ಬೆಲೆ ಮೇಲು, ಆದರೆ ಚೀಟಿ ಒಪ್ಪಿಸಿದ ದಿನದಿಂದ ಹಣ ಕೈಸೇರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಇಷ್ಟಕ್ಕಿಂತ ಕಡಿಮೆಗೆ ಮಾರಬಾರದು ಎಂಬ ಮೀಸಲು ಬೆಲೆ ಇಡಿಸಿ. ಮಾರಾಟವಾಗದಿದ್ದರೂ ಶುಲ್ಕವಿದೆಯೇ, ಫೋಟೋಗೆ, ವಿಮೆಗೆ ಬೇರೆ ಕಡಿತವಿದೆಯೇ ಎಂದು ಬರಹದಲ್ಲಿ ಕೇಳಿ. ಕೊಳ್ಳುವವರಿಂದ ಅವರು ಬೇರೆ ಪ್ರೀಮಿಯಂ ವಸೂಲಿ ಮಾಡುತ್ತಾರೆ, ಅದು ಲೆಕ್ಕದಲ್ಲಿಟ್ಟುಕೊಂಡೇ ಎದುರಿನವರು ಕೂಗುವುದು. ಆಲ್ಬಂ ಸಮೇತ ಇಡೀ ಲಾಟು ಕೊಡಿ, ಒಟ್ಟಿಗೆ ತೆಗೆದುಕೊಳ್ಳುತ್ತೇನೆ ಎನ್ನುವವರು ಬರುತ್ತಾರೆ. ಅವರ ಕಣ್ಣು ಆ ಹತ್ತು ಹದಿನೈದರ ಮೇಲೇ ಇರುತ್ತದೆ, ಉಳಿದದ್ದನ್ನು ಹೊರೆ ಎಂದು ತೋರಿಸಿ ದರ ಇಳಿಸುತ್ತಾರೆ. ಲಾಭದ ಮೇಲೆ ತೆರಿಗೆ ಬೀಳಬಹುದು, ಕೊಂಡಾಗಿನ ರಸೀದಿಗಳನ್ನು ಎಸೆಯಬೇಡಿ.

ಹರಾಜು ಮುಗಿಯುವವರೆಗೆ ಕಾರ್ಡಿನ ಬಡ್ಡಿ ನಿಲ್ಲುವುದಿಲ್ಲವಲ್ಲ. ಆದ್ದರಿಂದ ಈ ವಾರವೇ ಬ್ಯಾಂಕಿಗೆ ಹೋಗಿ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿಗೆ ಬದಲಾಯಿಸಿ ಎಂದು ಕೇಳಿ. ಲೋನಿನ ಕಂತು ತಪ್ಪಿಸದವರು ನೀವು, ಒಪ್ಪುವ ಸಾಧ್ಯತೆ ಹೆಚ್ಚು. ಮಧ್ಯೆ ತೀರಿಸಿದರೆ ದಂಡವಿದೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ನನ್ನ ಮುಖ್ಯ ತಕರಾರು. ನಿಮ್ಮ ಪತ್ರದಲ್ಲಿ ಸಾಲಕ್ಕೆ ಕಾರಣ ಮಗನ ಆಪರೇಷನ್. ಅದು ಆಗಿಹೋದ ಖರ್ಚು, ಅದಕ್ಕಾಗಿ ಚೀಟಿ ಮಾರಿದರೆ ಯಾರೂ ಬೆರಳು ತೋರಿಸಲಾರರು. ಆದರೆ ಅದಾಗಿ ಎರಡು ವರ್ಷವಾದ ಮೇಲೆ ಟೂ ಪೆನ್ನಿ ಬ್ಲೂ ಬಂತು. ಆ ಕಾರಣ ಇನ್ನೂ ಮುಗಿದಿಲ್ಲ. ಮುಂದಿನ ಹರಾಜಿನ ಪುಸ್ತಿಕೆ ಬಂದಾಗ ಅದೂ ‘ಮತ್ತೆ ಸಿಗದ ಅವಕಾಶ’ವೇ ಆಗಿರುತ್ತದೆ, ಹರಾಜಿನವರು ಬದುಕುವುದೇ ಆ ಮಾತಿನ ಮೇಲೆ. ಹತ್ತು ಒಳ್ಳೆಯ ಚೀಟಿ ಕೊಟ್ಟು ಕಾರ್ಡು ಸೊನ್ನೆ ಮಾಡಿ, ಖಾಲಿಯಾದ ಕಾರ್ಡಿನಲ್ಲಿ ಹನ್ನೊಂದನೆಯದನ್ನು ಕೊಂಡರೆ, ಎರಡು ವರ್ಷದ ನಂತರ ಚೀಟಿಯೂ ಇಲ್ಲ, ಸಾಲವೂ ಹೋಗಿಲ್ಲ. ನನ್ನ ಮೇಜಿನ ಮುಂದೆ ಒಡವೆ ಮಾರಿ ಸಾಲ ತೀರಿಸಿ, ವರ್ಷದೊಳಗೆ ಮತ್ತೆ ಅರ್ಜಿ ಹಿಡಿದು ಬಂದವರು ಬೇಕಾದಷ್ಟು ಮಂದಿ. ಹಾಗಾಗಿ ಹರಾಜಿನವರ ಹತ್ತಿರ ಇರುವ ನಿಮ್ಮ ಕೊಳ್ಳುವ ಖಾತೆ ಮೊದಲು ಮುಚ್ಚಲಿ. ಕಾರ್ಡಿನ ಮಿತಿ ಇಳಿಸಿ. ಅದು ಆಗದಿದ್ದರೆ ಚೀಟಿಗೆ ಕೈ ಹಚ್ಚಲೇಬೇಡಿ, ಮಾರಿ ಪ್ರಯೋಜನವಿಲ್ಲ. ಸಂಗ್ರಹ ನಿಲ್ಲಿಸಿ ಎನ್ನುತ್ತಿಲ್ಲ. ಎರಡು ವರ್ಷ ಕೊಳ್ಳುವುದು ನಿಲ್ಲಲಿ. ಇರುವುದನ್ನು ವಿಂಗಡಿಸಿ, ಪ್ಲೇಟು ಗುರುತಿಸಿ, ಅದಲು ಬದಲು ಮಾಡಿ. ಹದಿಮೂರೂವರೆ ಆಲ್ಬಮ್ಮಿಗೆ ಅಷ್ಟು ಕೆಲಸ ಇದ್ದೇ ಇದೆ.

ಹೆಂಡತಿಗೆ ಮಾರುವ ಮೊದಲೇ ಹೇಳಿ. ಮಾರಿದ ಮೇಲೆ ಹೇಳಿದರೆ, ಎರಡು ವಿಷಯ ಮುಚ್ಚಿಟ್ಟಂತಾಗುತ್ತದೆ. ಆಮೇಲೆ ನಿಮ್ಮ ಮನಸ್ಸಿನ ಹಾಳೆಯನ್ನು ಅವರಿಗೂ ತೋರಿಸಿ. ನೀವು ಕೊಡಲು ಹೊರಟಿರುವ ಯಾವುದೋ ಒಂದನ್ನು ‘ಇದು ಬೇಡ’ ಎಂದು ಅವರೇ ತಡೆದರೆ ನನಗೇನೂ ಆಶ್ಚರ್ಯವಿಲ್ಲ.

ಪ್ರಶ್ನೆ: ನನ್ನ ಬಳಿ ಸೀಲ್ ಒಡೆಯದ ಲಿಮಿಟೆಡ್ ಎಡಿಷನ್ ಗೊಂಬೆಗಳು ಕಪಾಟು ತುಂಬ ಇವೆ. ಶಿಕ್ಷಣ ಸಾಲದ ಎರಡು ಕಂತು ಬಾಕಿಯಾಗಿದೆ. ಕಂಪನಿ ಇವನ್ನು ತಯಾರಿಸುವುದು ನಿಲ್ಲಿಸಿದೆ, ಐದು ವರ್ಷ ತಡೆದರೆ ಹತ್ತುಪಟ್ಟು ಎಂದು ಗೆಳೆಯರು ಹೇಳುತ್ತಾರೆ. ನನ್ನ ವಯಸ್ಸು 25.

ಉತ್ತರ: ಆ ಗೆಳೆಯರು ನಿಮ್ಮ ಎರಡು ಕಂತು ಕಟ್ಟಲಿ, ಹತ್ತುಪಟ್ಟು ಆದಮೇಲೆ ಅರ್ಧ ಕೊಡುತ್ತೇನೆ ಎಂದು ಕೇಳಿ ನೋಡಿ. ಯಾರಾದರೂ ಒಪ್ಪಿದರೆ ನನಗೂ ಬರೆಯಿರಿ.

1993ರಲ್ಲಿ ಅಮೆರಿಕದ ಟೈ ಕಂಪನಿ ಬೀನಿ ಬೇಬಿ ಎಂಬ ಪುಟ್ಟ ಬಟ್ಟೆಗೊಂಬೆಗಳನ್ನು ತಂದಿತು. ಒಂದೊಂದು ಮಾದರಿಯನ್ನೂ ‘ನಿವೃತ್ತಿ’ ಎಂದು ಘೋಷಿಸಿ ನಿಲ್ಲಿಸುತ್ತಿದ್ದರು. ಜನ ಮುಗಿಬಿದ್ದರು, ಲೇಬಲ್ಲಿಗೆ ಪ್ಲಾಸ್ಟಿಕ್ ಕವಚ ಹಾಕಿ ಇಟ್ಟರು. 1999ರಲ್ಲಿ ಲಾಸ್ ವೇಗಸ್‌ನ ಕೋರ್ಟಿನಲ್ಲಿ ವಿಚ್ಛೇದನ ಪಡೆದ ಗಂಡ ಹೆಂಡತಿ, ನ್ಯಾಯಾಧೀಶರ ಎದುರೇ ನೆಲದ ಮೇಲೆ ಗೊಂಬೆ ಹರವಿಕೊಂಡು ಒಂದೊಂದಾಗಿ ಹಂಚಿಕೊಂಡರು. ಅದರ ಫೋಟೋ ಈಗಲೂ ಸಿಗುತ್ತದೆ, ನೋಡಿ. ಅದಾಗಿ ಹೆಚ್ಚು ಕಾಲ ಕಳೆಯುವ ಮೊದಲೇ ಬಹುಪಾಲು ಗೊಂಬೆಗಳ ಬೆಲೆ ನೆಲ ಕಚ್ಚಿತು. ಕಾರಣ ಸರಳ. ಎಲ್ಲರೂ ಜೋಪಾನವಾಗಿ ಇಟ್ಟ ವಸ್ತು ಅಪರೂಪವಾಗುವುದಿಲ್ಲ. ಹಳೆಯ ಆಟಿಕೆಗಳಿಗೆ ಬೆಲೆ ಬಂದದ್ದು ಮಕ್ಕಳು ಆಡಿ ಮುರಿದು ಬಿಸಾಡಿದ್ದರಿಂದ, ಉಳಿದದ್ದು ಕೆಲವೇ ಆದ್ದರಿಂದ.

ನಿಮ್ಮ ಗೊಂಬೆಗಳಿಗೆ ಈಗ ಗಿರಾಕಿ ಇದ್ದಾರೆ, ಅದು ದೊಡ್ಡ ಅನುಕೂಲ. ಮಾರಲು ಹಾಕಿರುವವರು ಕೇಳುವ ಬೆಲೆ ನೋಡಬೇಡಿ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ಕಂತು ಬಾಕಿಯಾಗಿ ನಿಮ್ಮ ಹೆಸರು ಸಾಲದ ದಾಖಲೆಯಲ್ಲಿ ಕೆಟ್ಟರೆ ನಾಳೆ ಮನೆ ಸಾಲಕ್ಕೂ ತೊಡಕು. ಮಾರಿ, ಕಂತು ಕಟ್ಟಿ. ತುಂಬ ಇಷ್ಟವಾದ ಒಂದನ್ನು ಇಟ್ಟುಕೊಂಡು ಸೀಲ್ ಒಡೆದು ಮೇಜಿನ ಮೇಲಿಡಿ.

ಪ್ರಶ್ನೆ: ಮಾವನವರ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯಗಳು ಸಿಕ್ಕವು, ಕೆಲವು ಬೆಳ್ಳಿಯವು. ಫೋಟೋ ನೋಡಿದ ಒಬ್ಬರು ಫೋನ್ ಮಾಡಿ, ನಮ್ಮ ಸಾಲವೆಲ್ಲ ತೀರಿ ಮಿಗುವಷ್ಟು ಕೊಡುತ್ತೇವೆ ಎಂದರು. ಮೊದಲು ನೋಂದಣಿ ಶುಲ್ಕ ಕಟ್ಟಬೇಕಂತೆ. ನಾಣ್ಯ ಕಪ್ಪಗಿವೆ, ಪುಡಿ ಹಚ್ಚಿ ಉಜ್ಜಿಡಲೇ?

ಉತ್ತರ: ಎರಡಕ್ಕೂ ಬೇಡ ಅನ್ನುತ್ತೇನಮ್ಮಾ. ಕೊಳ್ಳುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ. ಇಂಥ ಮೋಸಗಾರರು ನೋಂದಣಿ, ತೆರಿಗೆ, ವಿಮೆ ಎಂದು ಒಂದಾದ ಮೇಲೊಂದು ಶುಲ್ಕ ಕೇಳುತ್ತಲೇ ಹೋಗುತ್ತಾರೆ, ನಾಣ್ಯ ನೋಡಲು ಯಾರೂ ಬರುವುದಿಲ್ಲ. ಆ ನಂಬರನ್ನು ಬ್ಲಾಕ್ ಮಾಡಿ, ಬ್ಯಾಂಕಿನ ವಿವರವನ್ನೋ ಓಟಿಪಿಯನ್ನೋ ಕೊಟ್ಟಿದ್ದರೆ ಈಗಲೇ ಬ್ಯಾಂಕಿಗೆ ತಿಳಿಸಿ.

ಉಜ್ಜುವುದು ಅದಕ್ಕಿಂತ ಕೆಟ್ಟದ್ದು. ನಾಣ್ಯದವರು 1ರಿಂದ 70ರವರೆಗಿನ ಅಂಕದಲ್ಲಿ ಸ್ಥಿತಿ ಅಳೆಯುತ್ತಾರೆ. ವಿಲಿಯಂ ಶೆಲ್ಡನ್ 1949ರಲ್ಲಿ ತಂದ ಪದ್ಧತಿ ಅದು. ಉಜ್ಜಿದ ನಾಣ್ಯದ ಮೇಲೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಏಳುತ್ತವೆ. ಭೂತಗನ್ನಡಿ ಹಿಡಿದವರಿಗೆ ಅದು ತಕ್ಷಣ ಕಾಣುತ್ತದೆ. ಅಂಥದ್ದಕ್ಕೆ ದೊಡ್ಡ ಗ್ರೇಡಿಂಗ್ ಸಂಸ್ಥೆಗಳು ಅಂಕವನ್ನೇ ಕೊಡುವುದಿಲ್ಲ, ‘ಉಜ್ಜಲಾಗಿದೆ’ ಎಂದು ಬರೆದು ಕಳುಹಿಸುತ್ತವೆ. ಆ ಕಪ್ಪು ಬೆಳ್ಳಿಗೆ ಕಾಲಕ್ರಮದಲ್ಲಿ ಸಹಜವಾಗಿ ಬರುವ ಬಣ್ಣ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲೂ ಇಡಬೇಡಿ, ಕಾಲಕ್ರಮದಲ್ಲಿ ಹಸಿರು ಅಂಟು ಕಟ್ಟುತ್ತದೆ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಿ, ಅಂಚು ಹಿಡಿದೇ ಎತ್ತಿ. ಬೆಳ್ಳಿಯವನ್ನು ತೂಕ ಮಾಡಿಸಿ ಲೋಹದ ಬೆಲೆ ಎಷ್ಟೆಂದು ಬರೆದಿಟ್ಟುಕೊಳ್ಳಿ, ಅದಕ್ಕಿಂತ ಕಡಿಮೆಗೆ ಕೇಳಿದವರ ಜೊತೆ ಮಾತು ಮುಂದುವರಿಸಬೇಡಿ. ಆಮೇಲೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಡೀಲರುಗಳಿಗೆ ತೋರಿಸಿ. ಮೊದಲನೆಯವರು ಹೇಳಿದ ಬೆಲೆಯನ್ನು ಎರಡನೆಯವರಿಗೆ ಹೇಳಬೇಡಿ.